ಬೆಲ್ ಹೊಡೆದ ಮೇಲಿನ ಐದು ನಿಮಿಷ

ಮೊದಲ ಪೀರಿಯಡ್, ಏಳನೇ ಕ್ಲಾಸ್. ಮಕ್ಕಳ ಮುಖ ತೋರಿಸಲ್ಲ, ಅದಕ್ಕೇ ಕ್ಯಾಮೆರಾ ಬೋರ್ಡ್ ಕಡೆಗೇ ಇದೆ. ಬೋರ್ಡ್ ಮೇಲೆ ನಾಲ್ಕೇ ಪದ ಇದೆ ನೋಡಿ: ರಿವರ್, ಡೋರ್, ಕ್ಲಾಕ್, ವಿಂಡ್. ಗುಂಪಿಗೆ ಸೇರದ ಪದ ಯಾವುದು, ಯಾಕೆ? ಇಂಗ್ಲಿಷಿನಲ್ಲಿ ಒಂದು ಸಾಲು ಹೇಳಿದರೆ ಸಾಕು.

ನಾನು ಮೊದಲು ಹೀಗೆ ಮಾಡುತ್ತಿರಲಿಲ್ಲ. ಹಾಜರಿ ಕರೆಯುತ್ತಿದ್ದೆ, "ಸೈಲೆನ್ಸ್" ಅಂತ ನಾಲ್ಕು ಸಲ ಕೂಗುತ್ತಿದ್ದೆ, ಅಷ್ಟರಲ್ಲಿ ಹತ್ತು ನಿಮಿಷ ಮಾಯ. ಆಮೇಲೆ ವಾರ್ಮ್‌ಅಪ್ ಅಂತ ಪಾಯಿಂಟ್ ಕೊಟ್ಟು ಕ್ವಿಜ್ ಶುರು ಮಾಡಿದೆ. ದಿನಾ ಅದೇ ಇಬ್ಬರು ಕೈ ಎತ್ತುತ್ತಿದ್ದರು, ಉಳಿದವರು ಆರಾಮಾಗಿ ಕೂತಿರುತ್ತಿದ್ದರು. ಪಾಯಿಂಟ್ ನಿಲ್ಲಿಸಿದೆ.

ಈ ನಾಲ್ಕು ಪದದ ಆಟದಲ್ಲಿ ತಪ್ಪು ಉತ್ತರ ಅನ್ನೋದೇ ಇಲ್ಲ. ಒಬ್ಬಳು ಡೋರ್ ಅಂದಳು, ಉಳಿದ ಮೂರೂ ತಾವಾಗಿಯೇ ಚಲಿಸುತ್ತವಂತೆ. ಇನ್ನೊಬ್ಬ ಕ್ಲಾಕ್ ಅಂದ, ಅದರಲ್ಲಿ ಮಾತ್ರ ನಂಬರ್ ಇದೆ. ಕೊನೇ ಬೆಂಚಿನಲ್ಲಿ ಒಬ್ಬ ಹುಡುಗ ಇದ್ದಾನೆ, ಜೂನಿನಿಂದ ಅವನ ದನಿಯನ್ನೇ ನಾನು ಸರಿಯಾಗಿ ಕೇಳಿರಲಿಲ್ಲ. ಅವನ ಕಡೆ ನೋಡಿ ಸುಮ್ನೆ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಅಂದ: "ವಿಂಡ್. ಐ ಕಾಂಟ್ ಡ್ರಾ ಇಟ್."

ಹಾಗೆ ಸುಮ್ನೆ ನಿಲ್ಲೋದು ನನಗೆ ಕಷ್ಟದ ಕೆಲಸ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸುಗಳ ಟೇಪ್ ಕೇಳಿ ಇದನ್ನೇ ಗಮನಿಸಿದ್ದರು. ಟೀಚರ್‌ಗಳು ಪ್ರಶ್ನೆ ಕೇಳಿ ಒಂದು ಸೆಕೆಂಡೂ ಸರಿಯಾಗಿ ಕಾಯಲ್ಲ. 3 ಸೆಕೆಂಡ್ ಕಾದರೆ ಉತ್ತರ ಉದ್ದ ಆಗುತ್ತದೆ, ಬಾಯಿ ಬಿಡದವರೂ ಮಾತಾಡುತ್ತಾರೆ. ಮನಸ್ಸಿನಲ್ಲೇ ಎಣಿಸಿ ನೋಡಿ, 3 ಸೆಕೆಂಡ್ ಎಷ್ಟು ಉದ್ದ ಅಂತ ಗೊತ್ತಾಗುತ್ತದೆ.

ಮಂಗಳವಾರ ಪದದ ಏಣಿ. ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸಬೇಕು, ನಡುವೆ ಬರುವುದೆಲ್ಲ ನಿಜವಾದ ಪದವೇ ಆಗಿರಬೇಕು. ಕ್ಯಾಟ್, ಕಾಟ್, ಡಾಟ್, ಡಾಗ್. ಮೂರೇ ಹೆಜ್ಜೆಗೆ ಬೆಕ್ಕು ನಾಯಿ ಆಯ್ತು! "ಆಲಿಸ್ ಇನ್ ವಂಡರ್‌ಲ್ಯಾಂಡ್" ಬರೆದ ಲೂಯಿಸ್ ಕ್ಯಾರಲ್ 1877ರ ಕ್ರಿಸ್‌ಮಸ್ ಹೊತ್ತಿಗೆ, ಬೇಜಾರಾಗಿ ಕೂತಿದ್ದ ಇಬ್ಬರು ಹುಡುಗಿಯರಿಗಾಗಿ ಕಟ್ಟಿದ ಆಟ ಇದು. ಸ್ಪೆಲಿಂಗ್ ಅಂದರೆ ಮುಖ ಸಿಂಡರಿಸುವ ಮಕ್ಕಳೂ ಇದಕ್ಕೆ ರಫ್ ಬುಕ್ ತೆಗೆಯುತ್ತಾರೆ.

ಒಂದೊಂದು ದಿನ ಸಾಲು ಹಿಗ್ಗಿಸುವ ಆಟ. "ದ ಡಾಗ್ ರ‍್ಯಾನ್" ಅಂತ ಬರೆಯುತ್ತೇನೆ, ಒಬ್ಬೊಬ್ಬರು ಒಂದೊಂದು ಪದ ಸೇರಿಸಬೇಕು. ಎಲ್ಲಿಗೆ ಓಡಿತು, ಯಾಕೆ ಓಡಿತು ಅನ್ನುವಷ್ಟರಲ್ಲಿ ಆ ನಾಯಿಗೊಂದು ಕಥೆಯೇ ಹುಟ್ಟಿರುತ್ತದೆ. ಮೂರು ಮಾತಿನಲ್ಲಿ ಸುಳ್ಳು ಯಾವುದು ಅಂತ ಹಿಡಿಯುವ "ಎರಡು ನಿಜ, ಒಂದು ಸುಳ್ಳು" ಆಟ ನಿಮಗೆಲ್ಲ ಗೊತ್ತೇ ಇದೆ, ಅಲ್ವಾ? ಅದು ಚೆನ್ನಾಗಿದೆ, ಆದರೆ ಟೈಮ್ ತಿನ್ನುತ್ತದೆ, ತಿಂಗಳಿಗೊಮ್ಮೆ ಸಾಕು.

ಟೈಮರ್ ಐದು ನಿಮಿಷಕ್ಕೆ ಹೊಡೆದರೆ ನಿಲ್ಲಿಸುತ್ತೇನೆ, "ಇನ್ನೊಂದು ಮಿಸ್" ಅಂದರೂ ಸರಿ. ಆ "ಇನ್ನೊಂದು" ನಾಳೆಗೆ ಇರಲಿ.

ಮೊನ್ನೆ ಆ ಕೊನೇ ಬೆಂಚಿನ ಹುಡುಗ ಬೆಲ್‌ಗೂ ಮುಂಚೆ ಬಂದು ಚಾಕ್‌ಪೀಸ್ ಕೇಳಿದ. ರೇನ್, ಬೆಲ್, ಶ್ಯಾಡೋ, ಟೀಚರ್ ಅಂತ ಬರೆದ. ನಾನು ಶ್ಯಾಡೋ ಅಂದೆ, ಅದಕ್ಕೆ ಸದ್ದೇ ಇಲ್ಲವಲ್ಲ. ಅವನು ತಲೆ ಅಲ್ಲಾಡಿಸಿದ. "ಟೀಚರ್, ಮಿಸ್. ಅದರ್ಸ್ ಡೋಂಟ್ ಗಿವ್ ಹೋಮ್‌ವರ್ಕ್."