ಹೇನಾಗಿದ್ದರೂ ಹೇಳಿ, ನಂಬರ್ ಬದಲಾಗಿದ್ದರೂ ಹೇಳಿ

ಪೋಷಕರೆಲ್ಲರಿಗೂ ನಮಸ್ಕಾರ. ಪುಸ್ತಕ, ಸಮವಸ್ತ್ರ, ವೇಳಾಪಟ್ಟಿಯ ವಿಷಯ ನಿಮಗೆಲ್ಲ ಗೊತ್ತಿದೆ, ಮತ್ತೆ ಹೇಳುವುದಿಲ್ಲ. ಇವತ್ತು ನಾನು ಮಾತಾಡಬೇಕು ಅಂತ ಬಂದಿರುವುದು ಹೇನಿನ ಬಗ್ಗೆ. ನಗಿ, ಪರವಾಗಿಲ್ಲ. ನಗುತ್ತಲಾದರೂ ಆ ಮಾತು ಬಾಯಿಗೆ ಬಂದರೆ ಸಾಕು.

ಒಬ್ಬ ತಾಯಿ ಬೆಳಿಗ್ಗೆ ತರಗತಿ ಬಾಗಿಲಲ್ಲಿ ನಿಂತು, ಉಳಿದವರೆಲ್ಲ ಹೋಗುವವರೆಗೂ ಕಾದು, ಹತ್ತಿರ ಬಂದು ಮೆಲ್ಲಗೆ, 'ಮೇಡಂ, ಮಗಳಿಗೆ ಹೇನಾಗಿದೆ, ಯಾರಿಗೂ ಹೇಳಬೇಡಿ' ಅಂದರು. ತಲೆಗೆ ಸ್ನಾನ ಮಾಡಿಸುತ್ತೇನೆ, ಮನೆ ಚೊಕ್ಕಟವಾಗಿದೆ, ಆದರೂ ಹೀಗಾಯಿತಲ್ಲ ಅಂತ ಕಣ್ಣಲ್ಲಿ ನೀರು. ನಾನು ಯಾರ ಹೆಸರನ್ನೂ ಹಾಕದೆ ಆ ತರಗತಿಯ ಎಲ್ಲ ಮನೆಗೂ ಒಂದು ಚೀಟಿ ಕಳಿಸಿದೆ, ಮಕ್ಕಳ ತಲೆ ನೋಡಿ ಅಂತ. ಮಾರನೇ ದಿನ ಒಬ್ಬರ ಹಿಂದೆ ಒಬ್ಬರು ಬಂದು ಅದೇ ಮಾತು, ಅದೇ ಪಿಸುದನಿ! ಎಲ್ಲರೂ ನಮ್ಮ ಮನೆಯಲ್ಲಿ ಮಾತ್ರ ಅಂದುಕೊಂಡು ಬಾಚಿ ಬಾಚಿ ಸಾಕಾಗಿದ್ದರು. ಒಂದು ಮನೆಯಲ್ಲಿ ತೆಗೆದರೆ ಪಕ್ಕದಲ್ಲಿ ಕೂರುವ ಮಗುವಿನಿಂದ ಮತ್ತೆ ಬರುತ್ತಿತ್ತು, ಅಷ್ಟೇ.

ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ. ತಲೆಗೆ ತಲೆ ತಾಗಿದಾಗ ಹರಿದು ಹೋಗುತ್ತದೆ. ಇಬ್ಬರು ಮಕ್ಕಳು ಒಂದೇ ಚಿತ್ರದ ಮೇಲೆ ಬಗ್ಗಿ ಬಣ್ಣ ಹಚ್ಚಿದರೆ ಸಾಕು. ಇದಕ್ಕೂ ಕೊಳೆಗೂ ಸಂಬಂಧ ಇಲ್ಲ, ದಯವಿಟ್ಟು ಆ ನಾಚಿಕೆ ಬಿಡಿ. ಒದ್ದೆ ಕೂದಲಿಗೆ ಕಂಡಿಷನರ್ ಹಚ್ಚಿ, ಸೀರಣಿಗೆಯಲ್ಲಿ ಬುಡದಿಂದ ತುದಿಯವರೆಗೆ ಬಾಚಿ, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಿ. ಸೀರು ಒಡೆದು ಮರಿಯಾಗಲು 7ರಿಂದ 10 ದಿನ ಹಿಡಿಯುತ್ತದೆ, ಅದಕ್ಕೇ ಒಂದು ಸಲ ಬಾಚಿ ಸುಮ್ನೆ ಕೂತರೆ ಆಗುವುದಿಲ್ಲ. ಮೂರ್ನಾಲ್ಕು ದಿನಕ್ಕೊಮ್ಮೆಯಂತೆ ಎರಡು ವಾರ ಬಾಚಬೇಕು. ಮತ್ತೆ, ಶಾಲೆಗೆ ಹೇಳಬೇಕು.

ವಾಂತಿ ಭೇದಿಗೂ ಇದೇ ಮಾತು. ನಿಂತು 48 ಗಂಟೆ ಕಳೆಯುವವರೆಗೆ ಮಗು ಮನೆಯಲ್ಲಿರಲಿ. ಜ್ವರ ಇದ್ದಾಗ ಔಷಧಿ ಕುಡಿಸಿ ಕಳಿಸುತ್ತೀರಿ, ನಿಮಗೂ ಕೆಲಸಕ್ಕೆ ಹೋಗಬೇಕು, ರಜೆ ಸಿಗುವುದಿಲ್ಲ, ಆ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಔಷಧಿಯ ಪ್ರಭಾವ ಇಳಿಯುವ ಹೊತ್ತಿಗೆ ಮಗು ಬೆಂಚಿನ ಮೇಲೆ ತಲೆಯಿಟ್ಟು ಮಲಗಿರುತ್ತದೆ, ಮೈ ಸುಡುತ್ತಿರುತ್ತದೆ, ನಾವು ಫೋನ್ ಮಾಡಿದರೆ ಆ ನಂಬರ್ ಚಾಲ್ತಿಯಲ್ಲೇ ಇರುವುದಿಲ್ಲ. ಔಷಧಿ ಇಲ್ಲದೆ ಜ್ವರ ಬಿಟ್ಟು 24 ಗಂಟೆ ಆದ ಮೇಲೆ ಕಳಿಸಿ. ನಂಬರ್ ಬದಲಾದ ದಿನವೇ ತಿಳಿಸಿ. ಸಂಜೆ ಬೇರೆ ಯಾರಾದರೂ ಕರೆದುಕೊಂಡು ಹೋಗಲು ಬರುವುದಾದರೆ ಅದನ್ನೂ ಮೊದಲೇ ತಿಳಿಸಿ, ಇಲ್ಲದಿದ್ದರೆ ಅವರು ಸ್ವಂತ ಚಿಕ್ಕಪ್ಪನೇ ಆದರೂ ನಾವು ಮಗುವನ್ನು ಕಳಿಸುವುದಿಲ್ಲ. ಕೋಪ ಮಾಡಿಕೊಳ್ಳಬೇಡಿ.

ಸಮಯ ಆಯಿತು ಅಂತ ಆ ಕಡೆಯಿಂದ ಕೈ ಮಾಡುತ್ತಿದ್ದಾರೆ. ನಿದ್ದೆಯ ಬಗ್ಗೆ ಹೇಳುವುದು ಬಹಳ ಇತ್ತು: 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು, ಅದಕ್ಕಿಂತ ಚಿಕ್ಕವರಿಗೆ ಇನ್ನೂ ಜಾಸ್ತಿ. ಬ್ಯಾಗಿನ ತೂಕ ಮಗುವಿನ ತೂಕದ ಹತ್ತನೇ ಒಂದು ಭಾಗ ದಾಟದಿರಲಿ. ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು ಕೈ ಉಜ್ಜುವುದನ್ನು ನೀವೂ ಜೊತೆಗೆ ನಿಂತು ಮಾಡಿ ತೋರಿಸಿ.

ಬಾಗಿಲ ಹತ್ತಿರದ ಮೇಜಿನ ಮೇಲೆ ನಿಮ್ಮ ಫೋನ್ ನಂಬರುಗಳ ಪಟ್ಟಿ ಇದೆ. ಹೋಗುವ ಮೊದಲು ನಿಮ್ಮದು ಸರಿಯಿದೆಯಾ ನೋಡಿ, ತಪ್ಪಿದ್ದರೆ ಹೊಡೆದುಹಾಕಿ ಪಕ್ಕದಲ್ಲೇ ಸರಿಯಾದದ್ದನ್ನು ಬರೆಯಿರಿ. ಪೆನ್ನು ಅಲ್ಲೇ ಇಟ್ಟಿದ್ದೇವೆ.