ಬೋರ್ಡ್ ಆಮೇಲೆ, ಮೀಟರ್ ಮೊದಲು

ಎಲ್ಲರಿಗೂ ನಮಸ್ಕಾರ. ನೀವೆಲ್ಲ ದಿನಾ ವಾಷಿಂಗ್ ಮೆಷಿನ್ ಬಿಚ್ಚಿ ರಿಪೇರಿ ಮಾಡುವವರು. ಇನ್ವರ್ಟರ್ ಮೋಟಾರ್ ಹೇಗೆ ತಿರುಗುತ್ತದೆ ಅಂತ ನಿಮ್ಮ ಮುಂದೆ ಅ ಆ ಇ ಈಯಿಂದ ಹೇಳುವುದಿಲ್ಲ. ನನ್ನನ್ನು ಇಲ್ಲಿಗೆ ಎಳೆದು ತಂದಿದ್ದು ಒಂದೇ ಸಂಗತಿ. ಬೋರ್ಡ್ ಮೇಲೆ ಕೂತು ಮೋಟಾರಿಗೆ ಕರೆಂಟ್ ಕೊಡುವುದು ಪವರ್ ಮಾಡ್ಯೂಲ್, ಅದರ ಬಿಸಿ ಅಳೆಯುವುದು ಒಂದು ಸೆನ್ಸರ್. ಪವರ್ ಮಾಡ್ಯೂಲ್ ಸೆನ್ಸರ್ ಫಾಲ್ಟ್ ಅಂತ ಎರರ್ ಕೋಡ್ ಬಂದ ಕೂಡಲೇ 'ಬೋರ್ಡ್ ಹೋಗಿದೆ' ಅಂದುಬಿಡುತ್ತೇವೆ. ಬೋರ್ಡ್ ಅಗ್ಗದ ಸಾಮಾನಲ್ಲ. ನಾವು ಮಲ್ಟಿಮೀಟರ್ ಹಿಡಿಯದೆ ಹೇಳಿದ ಆ ಮಾತಿಗೆ ಮನೆಯವರು ದುಡ್ಡು ಕಟ್ಟುತ್ತಾರೆ. ಇದು ಸರಿಯಲ್ಲ ಅಲ್ವಾ?

ಕೋಡ್ ಏನು ಹೇಳುತ್ತಿದೆ ಅಂತ ಮೊದಲು ನೋಡೋಣ. ಮಾಡ್ಯೂಲ್ ಬಿಸಿಯಾಗಿದೆ ಅನ್ನುವ ಕೋಡ್ ಬೇರೆ, ಮಾಡ್ಯೂಲ್ ಸೆನ್ಸರ್ ಕೆಟ್ಟಿದೆ ಅನ್ನುವ ಕೋಡ್ ಬೇರೆ. ಥರ್ಮಾಮೀಟರ್ ಒಡೆದಿದ್ದರೆ ರೋಗಿಗೆ ಜ್ವರ ಅಂತ ಅರ್ಥವಲ್ಲ. ಈ ಸೆನ್ಸರ್ ಸಾಮಾನ್ಯವಾಗಿ ಎನ್‌ಟಿಸಿ ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. 25 ಡಿಗ್ರಿಯಲ್ಲಿ 10 ಕಿಲೋ ಓಮ್ ಇರುವಂಥದ್ದು 50 ಡಿಗ್ರಿಗೆ ಹೋಗುವಷ್ಟರಲ್ಲಿ 4 ಕಿಲೋ ಓಮ್ ಆಸುಪಾಸಿಗೆ ಬರುತ್ತದೆ. ನಿಮ್ಮ ಮಾಡೆಲ್‌ನಲ್ಲಿ ಈ ಅಂಕಿ ಬೇರೆ ಇರಬಹುದು, ಸರ್ವಿಸ್ ಮ್ಯಾನ್ಯುವಲ್ ನೋಡಿ. ವೈರ್ ಕಡಿದರೆ ರೆಸಿಸ್ಟೆನ್ಸ್ ಅಳತೆಗೇ ಸಿಗುವುದಿಲ್ಲ. ಶಾರ್ಟ್ ಆದರೆ ಸೊನ್ನೆ. ಈ ಎರಡು ತುದಿಗಳಲ್ಲಿ ಒಂದಕ್ಕೆ ರೀಡಿಂಗ್ ಹೋಗಿ ನಿಂತಾಗ ಕಂಟ್ರೋಲರ್ 'ಇದನ್ನು ನಂಬಲಾರೆ' ಅಂತ ಮೋಟಾರ್ ನಿಲ್ಲಿಸುತ್ತದೆ. ಅಷ್ಟೇ ಅದು ಹೇಳುವುದು. ಯಾವ ಭಾಗ ಕೆಟ್ಟಿದೆ ಅಂತ ಹೇಳುವುದಿಲ್ಲ.

ಹಾಗಾಗಿ ಮನೆಯವರನ್ನು ಮೊದಲು ಕೇಳಬೇಕಾದ್ದು, ಕೋಡ್ ಯಾವಾಗ ಬರುತ್ತದೆ? ತಣ್ಣಗಿರುವ ಮೆಷಿನ್ನಿಗೆ ಸ್ವಿಚ್ ಹಾಕಿದ ತಕ್ಷಣ ಬಂದರೆ ಬಿಸಿಯ ಮಾತೇ ಇಲ್ಲ. ಅರ್ಧ ಗಂಟೆ ಓಡಿದ ಮೇಲೆ ಬಂದರೆ ಮಾಡ್ಯೂಲ್‌ನ ಬಿಸಿ ಹೊರಹಾಕುವ ಹೀಟ್ ಸಿಂಕ್ ಸ್ಕ್ರೂ, ಅವೆರಡರ ನಡುವೆ ಒಣಗಿದ ಪೇಸ್ಟ್, ಬಿಗಿಯಾದ ಬೇರಿಂಗ್ ಕಡೆಗೂ ನೋಡಬೇಕು. ಸ್ಪಿನ್‌ನಲ್ಲಿ ಮಾತ್ರ ಬಂದರೆ?

ಇಲ್ಲಿ ಒಂದು ಕೇಸ್ ಸ್ವಲ್ಪ ವಿವರವಾಗಿ ಹೇಳಲೇಬೇಕು. ಫ್ರಂಟ್ ಲೋಡ್ ಮೆಷಿನ್, ಮೋಟಾರಿನ ಬೋರ್ಡ್ ಕೆಳಗೆ ಬೇರೆಯಾಗಿ ಕೂತಿತ್ತು. ಹೀಟ್ ಸಿಂಕ್‌ಗೆ ಕ್ಲಿಪ್ ಹಾಕಿದ ಪುಟ್ಟ ಥರ್ಮಿಸ್ಟರ್, ಅದರಿಂದ ಎರಡು ಸಣ್ಣ ವೈರ್. ವಾಶ್ ಸರಾಗವಾಗಿ ಮುಗಿಯುತ್ತಿತ್ತು. ಸ್ಪಿನ್ ವೇಗ ಏರುತ್ತಿದ್ದಂತೆ ಕೋಡ್. ನನಗಿಂತ ಮೊದಲು ಬಂದವರು ಬೋರ್ಡ್ ಬದಲಿಸಿದ್ದರು. ಸೆನ್ಸರ್ ವೈರ್ ಮಾತ್ರ ಹಳೆಯದೇ. ಹೊಸ ಬೋರ್ಡಿಗೂ ಅದೇ ಕೋಡ್! ಆ ಮನೆಯ ಅಜ್ಜಿ 'ಮಗಾ, ಮೆಷಿನ್ ಹೊಸದು ತಗೊಳ್ಳೋದಾ ಹೇಳಿಬಿಡು' ಅಂದರು. ಸ್ವಲ್ಪ ತಾಳಿ ಅಜ್ಜಿ ಅಂದೆ.

ಕನೆಕ್ಟರ್ ಬಿಚ್ಚಿ ಮೀಟರ್ ಇಟ್ಟೆ. ರೀಡಿಂಗ್ ಸರಿಯಾಗಿಯೇ ಇತ್ತು. ಇಲ್ಲೇ ಬಹಳ ಜನ ಮೀಟರ್ ಎತ್ತಿಡುತ್ತಾರೆ. ನಾನು ಪ್ರೋಬ್ ತೆಗೆಯದೆ ಆ ವೈರನ್ನು ಬುಡದಿಂದ ಬೆರಳಲ್ಲಿ ಮೆಲ್ಲಗೆ ಬಗ್ಗಿಸುತ್ತಾ ಬಂದೆ. ಕೇಬಲ್ ಟೈ ಕಟ್ಟಿದ್ದ ಜಾಗಕ್ಕೆ ಬಂದಾಗ ನಂಬರ್ ಹಾರಿತು. ಬಿಟ್ಟರೆ ಸರಿ, ಬಗ್ಗಿಸಿದರೆ ಓಪನ್, ಅಂದರೆ ಸಂಪರ್ಕವೇ ಇಲ್ಲ. ಹೊರಗಿನ ಇನ್ಸುಲೇಷನ್ ಮೇಲೆ ಒಂದು ಗೀರೂ ಇಲ್ಲ. ಸಿಗಿದು ನೋಡಿದರೆ ಒಳಗಿನ ತಂತಿ ಕಡಿದು, ಎರಡು ತುದಿ ಒಂದಕ್ಕೊಂದು ತಾಗಿಕೊಂಡು ಕೂತಿತ್ತು. ಸ್ಪಿನ್‌ನ ನಡುಕಕ್ಕೆ ಬಿಟ್ಟುಹೋಗುತ್ತಿತ್ತು. ಆ ತುಂಡು ಕತ್ತರಿಸಿ, ಬೆಸೆದು, ಸ್ಲೀವ್ ಹಾಕಿ, ವೈರಿಗೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಿದೆ. ಮೆಷಿನ್ ಓಡಿತು. ಅಜ್ಜಿಗೆ ಆದ ಖುಷಿ ನೋಡಬೇಕಿತ್ತು. ಅದಕ್ಕೇ ಹೇಳುವುದು: ಬೋರ್ಡ್ ಆಮೇಲೆ, ಮೀಟರ್ ಮೊದಲು.

ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತಗೋಬೇಡಿ. ಈ ಅಳತೆಗಳೆಲ್ಲ ಪ್ಲಗ್ ತೆಗೆದ ಮೇಲೆಯೇ. ಮನೆಯ 230 ವೋಲ್ಟ್ ಎಸಿ, ಬೋರ್ಡ್‌ನಲ್ಲಿ ರೆಕ್ಟಿಫೈ ಆಗಿ ಡಿಸಿಗೆ ಬದಲಾದರೆ ಸುಮಾರು 325 ವೋಲ್ಟ್. ಪ್ಲಗ್ ತೆಗೆದರೂ ಕೆಪಾಸಿಟರ್‌ನಲ್ಲಿ ಅದು ಉಳಿದಿರುತ್ತದೆ. ಡಿಸಿ ವೋಲ್ಟೇಜ್ ಅಳೆದು ಇಳಿದಿದೆ ಅಂತ ಖಚಿತ ಮಾಡಿಕೊಂಡೇ ಕೈ ಹಾಕಿ. ಎಷ್ಟೋ ಬೋರ್ಡ್‌ಗಳಲ್ಲಿ 5 ವೋಲ್ಟ್ ಸಾಲಿನ ಗ್ರೌಂಡ್ ಕೂಡ ಮೇನ್ಸ್‌ಗೆ ಸೇರಿಕೊಂಡೇ ಇರುತ್ತದೆ. 5 ವೋಲ್ಟ್ ತಾನೇ ಅಂತ ಸುಮ್ನೆ ಮುಟ್ಟಿದರೆ ಜೀವಕ್ಕೇ ಅಪಾಯ.

ಸಮಯ ಆಯಿತು ಅಂತ ಚೀಟಿ ಬಂತು. ಉಳಿದದ್ದು ಬೇಗ ಹೇಳುತ್ತೇನೆ. ಸೆನ್ಸರ್, ವೈರ್, ಕನೆಕ್ಟರ್ ಎಲ್ಲ ಸರಿ ಇದ್ದರೆ ಮಾಡ್ಯೂಲ್ ಕಡೆ ಬನ್ನಿ. ಮೋಟಾರ್ ಕನೆಕ್ಟರ್ ತೆಗೆದು, ಮೀಟರಿನ ಡಯೋಡ್ ಮೋಡ್‌ನಲ್ಲಿ ಡಿಸಿ ಪ್ಲಸ್, ಮೈನಸ್‌ನಿಂದ ಮೂರು ಫೇಸ್‌ಗೂ ನೋಡಿ. ಆರು ರೀಡಿಂಗ್ ಹೆಚ್ಚುಕಮ್ಮಿ ಒಂದೇ ಇರಬೇಕು. ಒಂದು ಸೊನ್ನೆ ತೋರಿಸಿದರೆ ಮಾಡ್ಯೂಲ್ ಶಾರ್ಟ್. ಮೋಟಾರಿನ ಮೂರು ವೈಂಡಿಂಗ್, ಅಂದರೆ ತಂತಿ ಸುರುಳಿಗಳ ರೆಸಿಸ್ಟೆನ್ಸ್ ಕೂಡ ಹಾಗೇ, ಮೂರೂ ಸಮ ಇರಬೇಕು. ಕೆಲವು ಮಾಡ್ಯೂಲ್‌ಗಳಲ್ಲಿ ಥರ್ಮಿಸ್ಟರ್ ಒಳಗೇ ಇರುತ್ತದೆ. ಅದು ಹೋಗಿದ್ದರೆ ಬೋರ್ಡ್ ಬದಲಿಸಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಅಳೆದು ಬದಲಿಸಿ ಅಂತಷ್ಟೇ ಕೇಳುವುದು.

ಮೋಟಾರ್ ತಿರುಗುವುದನ್ನು ಗುರುತಿಸುವ ಹಾಲ್ ಸೆನ್ಸರ್ ಬಗ್ಗೆ ಇಂದು ಹೇಳಲು ಆಗಲಿಲ್ಲ. ಮೀಟರ್ ತಂದವರು ಈ ಟೇಬಲ್ ಹತ್ತಿರ ಬನ್ನಿ. ಒಂದು ಕೆಟ್ಟ ಮಾಡ್ಯೂಲ್, ಒಂದು ಒಳ್ಳೆಯದು ಇಟ್ಟಿದ್ದೇನೆ. ಯಾವುದು ಯಾವುದು ಅಂತ ನೀವೇ ಅಳೆದು ಹೇಳಿ.