ಆ ಒಂದು ಸೆಂಟಿಮೀಟರ್: ಅಪೆಂಡಿಕ್ಸಿನ ನ್ಯೂರೋಎಂಡೊಕ್ರೈನ್ ಗಡ್ಡೆ ಮತ್ತು ನಮ್ಮ ಕೈಯಲ್ಲಿಲ್ಲದ ಪುರಾವೆ

ಅಧ್ಯಕ್ಷರೇ, ಹಿರಿಯರೇ, ಮಿತ್ರರೇ,

ಆ ಬಯಾಪ್ಸಿ ವರದಿಯನ್ನು ನೀವೆಲ್ಲ ಕಂಡವರೇ. ಉರಿಯೂತಕ್ಕೆಂದು ಅಪೆಂಡಿಕ್ಸ್ ತೆಗೆದಿರುತ್ತೀರಿ, ರೋಗಿ ಮನೆ ಸೇರಿರುತ್ತಾರೆ. ಹೊಲಿಗೆ ಬಿಚ್ಚಿಸಿಕೊಳ್ಳಲು ಬರುವ ಹೊತ್ತಿಗೆ ವರದಿ ಮೇಜಿನ ಮೇಲಿರುತ್ತದೆ: ತುದಿಯಲ್ಲಿ 1.4 ಸೆಂಟಿಮೀಟರಿನ ನ್ಯೂರೋಎಂಡೊಕ್ರೈನ್ ಗಡ್ಡೆ (ಹಾರ್ಮೋನು ಸ್ರವಿಸುವ ಬಗೆಯ ಜೀವಕೋಶಗಳಿಂದ ಹುಟ್ಟುವ ಗಡ್ಡೆ), ಗ್ರೇಡ್ 1 (ಅತಿ ನಿಧಾನವಾಗಿ ಬೆಳೆಯುವ ದರ್ಜೆ), ಕತ್ತರಿಸಿದ ಅಂಚಿನಲ್ಲಿ ಗಡ್ಡೆಯಿಲ್ಲ. ಒಂದು ಸೆಂಟಿಮೀಟರಿನೊಳಗಿದ್ದರೆ ‘ಇಷ್ಟು ಸಾಕು’ ಎಂದು ಧೈರ್ಯವಾಗಿ ಹೇಳುತ್ತೇವೆ. ಎರಡು ದಾಟಿದರೆ ಬಲ ಹೆಮಿಕೊಲೆಕ್ಟಮಿ, ಅಂದರೆ ದೊಡ್ಡ ಕರುಳಿನ ಬಲಭಾಗವನ್ನು ಅದರ ಗ್ರಂಥಿಗಳ ಸಮೇತ ತೆಗೆಯುವುದು. ನಡುವೆ ಬಿದ್ದರೆ ನಮ್ಮ ದನಿ ತಗ್ಗುತ್ತದೆ.

ಈ ಎರಡು ಸೆಂಟಿಮೀಟರಿನ ಗೆರೆ ಎಲ್ಲಿಂದ ಬಂತು? ನನ್ನ ವಿದ್ಯಾರ್ಥಿಗಳು ಈಗಲೇ ನಗುತ್ತಿದ್ದಾರೆ, ನಾನು 1987ಕ್ಕೆ ಹೋಗುತ್ತೇನೆಂದು ಅವರಿಗೆ ಗೊತ್ತು. ಹೋಗಲೇಬೇಕು. ಆ ವರ್ಷ ಮೇಯೊ ಕ್ಲಿನಿಕ್ಕಿನ ಮೋರ್ಟೆಲ್ ಮತ್ತು ಸಂಗಡಿಗರು 150 ರೋಗಿಗಳ ವಿವರ ಪ್ರಕಟಿಸಿದರು. ಎರಡು ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆಯ 127 ಜನರಲ್ಲಿ ಒಬ್ಬರಿಗೂ ರೋಗ ಬೇರೆಡೆ ಹರಡಿರಲಿಲ್ಲ. ಎರಡರಿಂದ ಮೂರು ಸೆಂಟಿಮೀಟರಿನ 14 ಜನರಲ್ಲಿ ಮೂವರಿಗೆ, ಅದಕ್ಕಿಂತ ದೊಡ್ಡದಿದ್ದ ಒಂಬತ್ತು ಜನರಲ್ಲಿ ನಾಲ್ವರಿಗೆ ಹರಡಿತ್ತು. ಸ್ವಲ್ಪ ತಡೆದು ಕೂಡಿಸಿ ನೋಡಿ: ದೊಡ್ಡ ಗಡ್ಡೆಯವರು ಒಟ್ಟು 23 ಮಂದಿ! ದಶಕಗಟ್ಟಲೆ ಪಠ್ಯಪುಸ್ತಕಗಳು ಪಾಠ ಮಾಡಿದ ಗೆರೆ ಇಷ್ಟು ಜನರ ಮೇಲೆ ನಿಂತಿದೆ. ಇನ್ನೊಂದು ಸಂಗತಿ. ಚಿಕ್ಕ ಗಡ್ಡೆಯವರಲ್ಲಿ ಬಹುಪಾಲು ಜನರಿಗೆ ಅಪೆಂಡಿಕ್ಸ್ ಮಾತ್ರ ತೆಗೆದಿದ್ದರು. ಅವರ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ಸೂಕ್ಷ್ಮದರ್ಶಕದಡಿ ಯಾರೂ ನೋಡಲಿಲ್ಲ. ನೋಡದೆಯೂ ಅವರು ಚೆನ್ನಾಗಿಯೇ ಇದ್ದರು.

ಆಮೇಲೆ ನಾವು ಕರುಳು ತೆಗೆದು ಗ್ರಂಥಿಗಳನ್ನು ನೋಡತೊಡಗಿದೆವು. ಕೆಲವದರಲ್ಲಿ ಗಡ್ಡೆಯ ಕಣಗಳು ಕಂಡವು. ಕಂಡದ್ದೇ ತಡ, ಭಯ ಹುಟ್ಟಿತು. ಒಬ್ಬ ತರುಣಿ ನನ್ನನ್ನು ನೇರವಾಗಿ ಕೇಳಿದ್ದಳು: “ಡಾಕ್ಟರೇ, ಗ್ರಂಥಿಯಲ್ಲಿ ಇದ್ದರೆ ನನ್ನ ಆಯಸ್ಸು ಕಡಿಮೆಯಾಗುತ್ತದೆಯೇ?” ನಾವು ಎಣಿಸಿದ್ದು ಗ್ರಂಥಿಗಳನ್ನು, ಅವಳು ಕೇಳಿದ್ದು ಬದುಕನ್ನು.

2023ರಲ್ಲಿ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಬಂದ ಯುರೋಪಿನ ಅಧ್ಯಯನ ಅವಳ ಪ್ರಶ್ನೆಯ ಹತ್ತಿರಕ್ಕೆ ಬಂದಿದೆ. 40 ಆಸ್ಪತ್ರೆಗಳು, ಒಂದರಿಂದ ಎರಡು ಸೆಂಟಿಮೀಟರಿನ ಗಡ್ಡೆಯ 278 ರೋಗಿಗಳು, ಸುಮಾರು 13 ವರ್ಷಗಳ ಅನುಸರಣೆ. ಹೆಮಿಕೊಲೆಕ್ಟಮಿಯಾದವರಲ್ಲಿ ಐದರಲ್ಲೊಬ್ಬರ ಗ್ರಂಥಿಯಲ್ಲಿ ರೋಗವಿತ್ತು. ಅಂದರೆ ಅಪೆಂಡಿಕ್ಸ್ ಮಾತ್ರ ತೆಗೆಸಿಕೊಂಡವರಲ್ಲೂ ಕೆಲವರ ಗ್ರಂಥಿಗಳಲ್ಲಿ ಅದು ಉಳಿದಿರಲೇಬೇಕು. ಆದರೂ ಈ ಗಡ್ಡೆಯಿಂದ ಸತ್ತವರು ಎರಡೂ ಗುಂಪಿನಲ್ಲಿ ಇಲ್ಲ. ಗ್ರಂಥಿ ಬೇರೆ, ಬದುಕು ಬೇರೆ.

ಇದರಿಂದ ಎಲ್ಲವೂ ತೀರ್ಮಾನವಾಯಿತೆಂದು ನಾನು ಹೇಳುವುದಿಲ್ಲ. ಅದು ಹಿಂದಿನ ಕಡತಗಳ ಅಧ್ಯಯನ. ಯಾರಿಗೆ ಯಾವ ಶಸ್ತ್ರಕ್ರಿಯೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದ್ದಲ್ಲ. ಗ್ರೇಡ್ 2 ಗಡ್ಡೆಗಳು ಅಪರೂಪ, ಅವುಗಳ ಲೆಕ್ಕ ಎಲ್ಲಿ ನೋಡಿದರೂ ಚಿಕ್ಕದು. ಗಡ್ಡೆ ಮೀಸೋಅಪೆಂಡಿಕ್ಸಿನೊಳಗೆ (ಅಪೆಂಡಿಕ್ಸಿಗೆ ರಕ್ತನಾಳ ತರುವ ಕೊಬ್ಬಿನ ಮಡಿಕೆಯೊಳಗೆ) ಮೂರು ಮಿಲಿಮೀಟರ್ ದಾಟಿದರೆ ಅಪಾಯ ಎನ್ನುತ್ತೇವಲ್ಲ, ಆ ಮೂರು ಕೂಡ ಗ್ರಂಥಿ ನೋಡಿ ಇಟ್ಟ ಗುರುತೇ ಹೊರತು ಬದುಕು ನೋಡಿ ಅಲ್ಲ. ಇನ್ನು ರೋಗಿಗಳಲ್ಲಿ ಬಹಳ ಮಂದಿ ಎಳೆಯರು. ಇಪ್ಪತ್ತರ ಹುಡುಗಿಗೆ 13 ವರ್ಷ ಸಾಲದು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಮುಟ್ಟಿ ಹೋಗುತ್ತೇನೆ. ಹೆಮಿಕೊಲೆಕ್ಟಮಿಯಲ್ಲಿ ಇಲಿಯೋಸೀಕಲ್ ಕವಾಟ (ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿನ ಬಾಗಿಲು) ಕಳೆದುಕೊಂಡ ಮೇಲೆ ಪಿತ್ತಲವಣದ ಭೇದಿ, ಬಿ12 ಕೊರತೆ ಎಷ್ಟು ಜನರನ್ನು ಕಾಡುತ್ತವೆ? ಈ ರೋಗಿಗಳನ್ನು ಕೂರಿಸಿಕೊಂಡು ಕೇಳಿದ ಅಧ್ಯಯನಗಳು ತೀರ ಕಡಿಮೆ. ಈ ಗಡ್ಡೆಯ ಸುಳಿವಿಗೆಂದು ರಕ್ತದಲ್ಲಿ ಅಳೆಯುವ ಕ್ರೋಮೋಗ್ರಾನಿನ್ ಎ ಮಟ್ಟ ಆಮ್ಲ ತಗ್ಗಿಸುವ ಮಾತ್ರೆ ನುಂಗಿದರೂ ಏರುತ್ತದೆ. ಅದನ್ನೇ ನಂಬಿ ವರ್ಷಗಟ್ಟಲೆ ಯಾರನ್ನೂ ಹೆದರಿಸಬೇಡಿ. ಅಪೆಂಡಿಸೈಟಿಸ್‌ಗೆ ಪ್ರತಿಜೈವಿಕವನ್ನಷ್ಟೇ ಕೊಟ್ಟಾಗ ಪರೀಕ್ಷಿಸಲು ಅಪೆಂಡಿಕ್ಸೇ ಇರುವುದಿಲ್ಲ. ಅಲ್ಲಿ ಉಳಿದ ಗಡ್ಡೆಗಳ ಗತಿ ಏನು ಎಂಬುದನ್ನೂ ಹಿಂಬಾಲಿಸಿ ನೋಡಬೇಕು.

ಪೆಥಾಲಜಿಸ್ಟ್ ಮಿತ್ರರಲ್ಲಿ ಒಂದೇ ಬೇಡಿಕೆ: ಗಾತ್ರ, ಜಾಗ, ಮೀಸೋಅಪೆಂಡಿಕ್ಸಿನೊಳಗಿನ ಆಳ ಮಿಲಿಮೀಟರಿನಲ್ಲಿ, ಕೆಐ-67 (ಕೋಶಗಳು ಎಷ್ಟು ಬೇಗ ವಿಭಜನೆಯಾಗುತ್ತಿವೆ ಎಂಬುದರ ಸೂಚಕ), ರಕ್ತನಾಳದ ಆಕ್ರಮಣ, ಅಂಚು, ಇಷ್ಟನ್ನು ಪ್ರತಿ ವರದಿಯಲ್ಲೂ ಬರೆಯಿರಿ. ಶಸ್ತ್ರಚಿಕಿತ್ಸಕರು ಆ ರೋಗಿಯ ಹೆಸರನ್ನು ದಾಖಲೆಯಲ್ಲಿಟ್ಟು ಹತ್ತು ವರ್ಷದ ನಂತರವೂ ವಿಚಾರಿಸಿರಿ. ಮಕ್ಕಳ ವಿಷಯಕ್ಕೆ ಬರಲಾಗಲಿಲ್ಲ, ಚರ್ಚೆಯಲ್ಲಿ ಮೊದಲು ಅದನ್ನೇ ಕೇಳಿ.